ಸ್ಟೇಟಸ್ ಮ್ಯಾಚ್: ಆಗಲ್ಲ ಅಂದ್ರು, ಆಯ್ತು

ಕೊನೆಗೂ ಬಂತು. ಒಂದು ವಿಮಾನ ಕಂಪನಿಯಲ್ಲಿ ಹಾರಿ ಹಾರಿ ಗಳಿಸಿದ ಸ್ಟೇಟಸ್, ಅಂದ್ರೆ ಶ್ರೇಣಿ ತೋರಿಸಿ ಇನ್ನೊಂದು ಕಂಪನಿಯಲ್ಲೂ ಅಂಥದ್ದೇ ಶ್ರೇಣಿ ಪಡೆಯೋದಕ್ಕೆ ಸ್ಟೇಟಸ್ ಮ್ಯಾಚ್ ಅಂತಾರೆ. ಏರ್ ಇಂಡಿಯಾದ ಗೋಲ್ಡ್ ಶ್ರೇಣಿ ತೋರಿಸಿ, ಸ್ಕೈಟೀಮ್ ಅನ್ನೋ ವಿಮಾನ ಕಂಪನಿಗಳ ಒಕ್ಕೂಟದ (ಅಲಯನ್ಸ್) ಒಂದು ಕಂಪನಿಯಲ್ಲಿ ಅವರ ಮೇಲಿನ ಶ್ರೇಣಿಯಾದ ಎಲೀಟ್ ಪ್ಲಸ್ ಹಾಕಿಸಿಕೊಂಡೆ. ಬಿಬಿ ರಸ್ತೆಯಲ್ಲಿ ನನಗೆ ಟಿಕೆಟ್ ಮಾಡಿಕೊಡೋ ಏಜೆಂಟ್ ಮೊದಲು ಕೇಳಿದಾಗ ನಕ್ಕಿದ್ದ. "ಏನ್ ಸಾರ್, ಇದೇನು ರೇಷನ್ ಕಾರ್ಡಾ, ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ವರ್ಗ ಮಾಡಿಸೋಕೆ?" ಈಗ ಅವನೇ ತನ್ನ ಗಿರಾಕಿಗಳಿಗೆ ನನ್ನ ನಂಬರ್ ಕೊಡ್ತಾನೆ.

ನನ್ನದು ಪಾಲಿಹೌಸ್ ಕೆಲಸ. ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯೋರಿಗೆ ಶೆಡ್ ಹಾಕಿ, ಡ್ರಿಪ್ ಕೂರಿಸಿಕೊಡ್ತೀನಿ. ಅದಕ್ಕೇ ಹಾಲೆಂಡ್, ಜರ್ಮನಿ ಓಡಾಟ. ಬರುವಾಗ ಫಾಗರ್ (ಮಂಜಿನ ಹಾಗೆ ನೀರು ಚಿಮ್ಮಿಸೋದು), ಡ್ರಿಪ್ಪರ್, ವಾಲ್ವ್ ಅಂತ ಸ್ಯಾಂಪಲ್ ತುಂಬಿಕೊಂಡು ಬರ್ತೀನಿ. ಲಾಂಜ್ ಊಟದ ಆಸೆಗೆ ನಾನು ಇದರ ಹಿಂದೆ ಬಿದ್ದವನಲ್ಲ, ನನಗೆ ಬೇಕಿದ್ದದ್ದು ಈ ಶ್ರೇಣಿಯವರಿಗೆ ಪುಕ್ಕಟೆ ಬಿಡೋ ಇನ್ನೊಂದು ಬ್ಯಾಗು. ಹೆಚ್ಚುವರಿ ಬ್ಯಾಗಿಗೆ ಒಂದು ಕಡೆಗೆ ಏಳೆಂಟು ಸಾವಿರ ಕಟ್ಟಿದ್ದೀನಿ. ಒಂದು ವರ್ಷದ್ದು ಕೂಡಿಸಿದರೆ ಅರವತ್ತು ಸಾವಿರದ ಹತ್ತಿರ ಬಂದಿತ್ತು.

ಗೋಲ್ಡ್ ಸಿಕ್ಕಿದ್ದು ವಿಸ್ತಾರಾದಲ್ಲಿ, ಪುಣೆ, ದೆಹಲಿ, ಗುವಾಹಟಿ ಅಂತ ಸುತ್ತಿ. ವಿಸ್ತಾರಾ ಯಾವ ಅಲಯನ್ಸಲ್ಲೂ ಇರಲಿಲ್ಲ. 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ವಿಲೀನವಾದ ಮೇಲೆ ಅದೇ ಗೋಲ್ಡ್, ಏರ್ ಇಂಡಿಯಾ, ಲುಫ್ತಾನ್ಸಾ ಎರಡೂ ಇರೋ ಸ್ಟಾರ್ ಅಲಯನ್ಸ್ ಅನ್ನೋ ಒಕ್ಕೂಟದ ಗೋಲ್ಡ್ ಆಯ್ತು. ಆದರೆ ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನಾನು ಹತ್ತೋ ನೇರ ವಿಮಾನ ಕೆಎಲ್‌ಎಂದು, ಅದು ಸ್ಕೈಟೀಮ್. ಸ್ಟಾರ್ ಗೋಲ್ಡ್ ಅಲ್ಲಿ ನಡೆಯಲ್ಲ. ಲುಫ್ತಾನ್ಸಾದಲ್ಲಿ ನಡೆಯುತ್ತೆ, ಆದರೆ ಜರ್ಮನಿಯಲ್ಲಿ ಇಳಿದು ಹತ್ತಬೇಕು. ಸ್ಕೈಟೀಮ್‌ನ ಯಾವ ಸದಸ್ಯ ಕಂಪನಿಯ ಎಲೀಟ್ ಪ್ಲಸ್ ಇದ್ದರೂ ಕೆಎಲ್‌ಎಂ ಕೌಂಟರಲ್ಲಿ ಮಾನ್ಯ. ಹಾಗಾಗಿ ಕೆಎಲ್‌ಎಂನವರನ್ನೇ ಕೇಳಬೇಕು ಅಂತೇನಿಲ್ಲ. ನಾನು ಯಾರನ್ನ ಕೇಳಿದೆ ಅನ್ನೋದು ನನ್ನಲ್ಲೇ ಇರಲಿ. ಎಲ್ಲರೂ ಮುಗಿಬಿದ್ದರೆ ಅವರು ಬಾಗಿಲು ಹಾಕ್ತಾರೆ.

ದುಡ್ಡು ಹೋದ ಕಥೆ. ಒಂದು ಕಂಪನಿ ಶುಲ್ಕ ತಗೊಂಡು ಮ್ಯಾಚ್ ಮಾಡ್ತಿತ್ತು. ಒಂಬತ್ತು ಸಾವಿರ ಚಿಲ್ಲರೆ ಕಟ್ಟಿದೆ. ಎರಡು ವಾರ ಬಿಟ್ಟು ಬಂದ ಉತ್ತರ: ನಿಮ್ಮ ಸ್ಟೇಟಸ್ ಹಾರಾಟದಿಂದ ಬಂದಿದ್ದಲ್ಲ, ವಿಲೀನದಿಂದ ಬಂದಿದ್ದು. ಗುವಾಹಟಿಗೆ ಮಳೇಲಿ ಹೋಗಿದ್ದು ನಾನಲ್ವಾ ಹಾಗಾದ್ರೆ? ಹಣ ವಾಪಸ್ ಬರಲಿಲ್ಲ. ಇನ್ನೊಬ್ಬರು ಕಾರ್ಡಿನ ಅವಧಿ ಮುಗಿಯೋಕೆ ಕನಿಷ್ಠ ಆರು ತಿಂಗಳಿರಬೇಕು ಅಂದರು. ಮತ್ತೊಬ್ಬರು ಉತ್ತರವನ್ನೇ ಕೊಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಹೆಸರು. ನಮ್ಮ ಕಡೆ ಇನಿಷಿಯಲ್ ಸಾಕು. ವಿಮಾನ ಕಂಪನಿಯ ಹಳೇ ಖಾತೆಯಲ್ಲಿ ಇನಿಷಿಯಲ್ ಮಾತ್ರ ಇತ್ತು, ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಪೂರ್ತಿ. ಬೋರ್ಡಿಂಗ್ ಪಾಸಲ್ಲಿ ಜಾಗ ಸಾಲದೆ ಹೆಸರಿನ ಬಾಲ ಕತ್ತರಿಸಿ, ಉಳಿದಿದ್ದಕ್ಕೆ 'ಎಂಆರ್' (ಮಿಸ್ಟರ್) ಅಂಟಿಸಿರ್ತಾರೆ. ಮೂರು ಕಾಗದದಲ್ಲಿ ಮೂರು ಮನುಷ್ಯ! ದೂರದ ಊರಲ್ಲಿ ಕೂತು ಪರಿಶೀಲಿಸೋನಿಗೆ ಇದು ಅರ್ಥ ಆಗಲ್ಲ. ಪಾಸ್‌ಪೋರ್ಟ್ ಪ್ರತಿ ಕಳಿಸಿ ಖಾತೆಯ ಹೆಸರನ್ನ ಅದರಂತೆಯೇ ಮಾಡಿಸಿದೆ, ಮೂರು ವಾರ ಹಿಡೀತು. ಸರ್‌ನೇಮ್ ಖಾಲಿ ಇರೋರಂತೂ ಪಾಸ್‌ಪೋರ್ಟನ್ನೇ ಮೊದಲು ಸರಿ ಮಾಡಿಸಿ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡೋದೇ ನಿಲ್ಲಿಸಿದೆ.

ಆಮೇಲೆ ಕಳಿಸಿದ ಅರ್ಜಿ ಹತ್ತು ದಿನದೊಳಗೆ ಪಾಸಾಯ್ತು. ಹೆಸರು, ನಂಬರು, ಶ್ರೇಣಿ, ಕೊನೇ ದಿನಾಂಕ ನಾಲ್ಕೂ ಒಂದೇ ಸ್ಕ್ರೀನ್‌ಶಾಟಲ್ಲಿ. ಮೊಬೈಲ್ ಆ್ಯಪಲ್ಲಿ ಹಾಗೆ ಸಿಗಲಿಲ್ಲ, ಲ್ಯಾಪ್‌ಟಾಪಲ್ಲಿ ತೆಗೆದೆ. ಜೊತೆಗೆ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್, ಸ್ಕೈಟೀಮ್‌ನಲ್ಲಿ ಆಗಲೇ ದುಡ್ಡು ಕಟ್ಟಿದ್ದ ಮುಂದಿನ ಟಿಕೆಟ್. ಕೆಲಸ ಮಾಡಿದ್ದು ಆ ಟಿಕೆಟ್ಟೇ ಅಂತ ನನ್ನ ನಂಬಿಕೆ. ಬರೀ ಕಾರ್ಡ್ ತೋರಿಸೋರು ನೂರು ಜನ, ದುಡ್ಡು ತರೋನು ಬೇರೆ. ಮೇಲ್‌ನಲ್ಲಿ ಇನ್ನೂ ಒಂದು ಸಾಲು ಬರೆದಿದ್ದೆ. ಅದನ್ನ ಹೇಳಲ್ಲ, ಬೇಕಾದ್ರೆ ನಮ್ಮ ಶೆಡ್ಡಿಗೆ ಬಂದು ಕೇಳಿ.

ಇದರ ಮಧ್ಯೆ ಕ್ರೆಡಿಟ್ ಕಾರ್ಡ್ ಜೊತೆ ಪುಕ್ಕಟೆ ಬಂದ ಹೋಟೆಲ್ ಸದಸ್ಯತ್ವದ ಗೋಲ್ಡನ್ನೂ ಒಂದು ಕಡೆ ಕಳಿಸಿ ನೋಡಿದೆ. ಒಂದೇ ಗಂಟೆಗೆ ತಿರಸ್ಕಾರ. ಗೋಲ್ಡಿಗಿಂತ ಕೆಳಗಿನ ಶ್ರೇಣಿಯಾದ ಮನೆಯವಳ ಸಿಲ್ವರ್ ಕಳಿಸಿದರೆ ಅದು ಆಯ್ತು! ಆದರೆ ಸಿಲ್ವರ್‌ನಿಂದ ಸಿಕ್ಕಿದ್ದು ಸಾಲಿನಲ್ಲಿ ಸ್ವಲ್ಪ ಮುಂದೆ ನಿಲ್ಲೋ ಭಾಗ್ಯ, ಅಷ್ಟೇ. ಬೆಂಗಳೂರು ಏರ್‌ಪೋರ್ಟಿನ ಟರ್ಮಿನಲ್ ಎರಡರಲ್ಲಿ ಟೈಮ್ ಮಿಕ್ಕಿದಾಗೆಲ್ಲ ಚಾವಣಿಯಿಂದ ನೇತಾಡೋ ಗಿಡದ ಕುಂಡಗಳಿಗೆ ನೀರಿನ ಲೈನ್ ಎಲ್ಲಿಂದ ಬರುತ್ತೆ ಅಂತ ಕತ್ತೆತ್ತಿ ಹುಡುಕ್ತೀನಿ. ಸೆಕ್ಯುರಿಟಿಯವರು ಒಮ್ಮೆ ವಿಚಾರಿಸಿದ್ದೂ ಉಂಟು.

ಮ್ಯಾಚ್ ಆದ ಕಾರ್ಡನ್ನ ತೋರಿಸಿ ಮೂರನೇ ಕಂಪನೀಲಿ ಮ್ಯಾಚ್ ಕೇಳಿದರೆ ಸಾಮಾನ್ಯವಾಗಿ ಒಪ್ಪಲ್ಲ. ಒಮ್ಮೆ ಕೊಟ್ಟವರು ಮತ್ತೆ ವರ್ಷಗಟ್ಟಲೆ ಕೊಡಲ್ಲ. ಹಾಗಾಗಿ ಪ್ರಯಾಣ ಇಲ್ಲದ ತಿಂಗಳಲ್ಲಿ ಕೇಳಿ ಹಾಳುಮಾಡಬೇಡಿ. ನನಗೆ ಕೊಟ್ಟಿರೋದು ನಾಲ್ಕು ತಿಂಗಳು, ಅಷ್ಟರಲ್ಲಿ ಅವರು ಹೇಳಿದಷ್ಟು ಹಾರಿದರೆ ಒಂದು ವರ್ಷಕ್ಕೆ ಮುಂದುವರಿಯುತ್ತೆ. ಇಲ್ಲಿ ಟಿಕೆಟ್ಟಿನ ಬುಕಿಂಗ್ ಕ್ಲಾಸ್, ಅಂದ್ರೆ ದರದ ವರ್ಗ ತೋರಿಸೋ ಅಕ್ಷರ ನೋಡಬೇಕು, ತೀರಾ ಅಗ್ಗದ ಕ್ಲಾಸಿಗೆ ಕೆಲವು ಕಡೆ ಶ್ರೇಣಿಯ ಲೆಕ್ಕಕ್ಕೆ ಏನೂ ಜಮಾ ಆಗಲ್ಲ. ಜನವರಿ ಕೊನೆಗೆ ಜರ್ಮನಿಯ ಎಸ್ಸೆನ್‌ನಲ್ಲಿ ನಡೆಯೋ ಐಪಿಎಂ ಅನ್ನೋ ತೋಟಗಾರಿಕೆ ಮೇಳಕ್ಕೆ ಆಮ್‌ಸ್ಟರ್‌ಡ್ಯಾಮ್‌ವರೆಗೆ ವಿಮಾನ, ಅಲ್ಲಿಂದ ರೈಲು ಅಂತ ಬುಕ್ ಮಾಡಿದ್ದೀನಿ. ಏಜೆಂಟ್ ನಾಲ್ಕು ಸಾವಿರ ಕಮ್ಮಿಗೆ ಇನ್ನೊಂದು ಟಿಕೆಟ್ ತೋರಿಸಿದ. ಅದಕ್ಕೆ ಜಮಾ ಸೊನ್ನೆ. ಬೇಡ ಅಂದೆ.