ಬೆಂಚು ಎಲ್ಲಿರಬೇಕೆಂದು ಮೊಣಕಾಲು ಹೇಳುತ್ತದೆ

ಬಡಾವಣೆಯ ಬೀದಿ, ಕಾಲುದಾರಿಗಳನ್ನು ರೂಪಿಸುವ ಮುನ್ನ ಅಲ್ಲಿನ ಹಿರಿಯರನ್ನು ಸಭೆಗೆ ಕರೆದು "ನಿಮಗೇನು ಬೇಕು?" ಎಂದರೆ ಬೆಂಚು, ನೆರಳು, ಶೌಚಾಲಯ ಎನ್ನುತ್ತಾರೆ. ಸರಿಯೇ, ಆದರೆ ಎಲ್ಲಿ, ಎಷ್ಟೆತ್ತರ ಎನ್ನುವುದು ಕುರ್ಚಿಯಲ್ಲಿ ಕೂತಾಗ ಹೊಳೆಯುವುದಿಲ್ಲ. ಹಾಗಾಗಿ ಸಭೆಯನ್ನು ಕೊನೆಗಿಟ್ಟು, ಮೊದಲು ಅವರ ಜೊತೆ ನಡೆಯುತ್ತೇವೆ.

ತಂಡಕ್ಕೆ ಐದಾರು ಹಿರಿಯರು. ಒಬ್ಬರಾದರೂ ಊರುಗೋಲು ಇಲ್ಲವೇ ವಾಕರ್ ಹಿಡಿಯುವವರು, ಒಬ್ಬರು ಕಣ್ಣು ಮಂಜಾದವರು ಇರಲೇಬೇಕು. ದಾರಿ 500 ಮೀಟರ್ ಮೀರಬಾರದು. ಕೈಯಲ್ಲಿ ಟೇಪು, ಸ್ಟಾಪ್‌ವಾಚ್, ಸೀಮೆಸುಣ್ಣ. ಒಂದು ಸುತ್ತು ಬೆಳಿಗ್ಗೆ, ಇನ್ನೊಂದು ಮಳೆ ನಿಂತ ಕೂಡಲೇ. ನೀರು ನಿಲ್ಲುವ ಜಾಗ ಆಗಲೇ ಕಾಣುವುದು. ಮಧ್ಯಾಹ್ನದ ನೆಲದ ಕಾವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾವೇ ಅಳೆಯುತ್ತೇವೆ, ಹಿರಿಯರನ್ನು ಹೊರಡಿಸುವುದಿಲ್ಲ. ವಯಸ್ಸಾದಂತೆ ಬೆವರುವುದು ಕಡಿಮೆ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗದು.

ನಡೆಯುತ್ತ ಯಾರಾದರೂ ನಿಂತು ಗೋಡೆಗೋ ಕಂಬಕ್ಕೋ ಕೈ ಕೊಟ್ಟರೆ ಅಲ್ಲೊಂದು ಸೀಮೆಸುಣ್ಣದ ಗುರುತು. ಬೆಂಚು ಬರಬೇಕಾದ್ದು ಅಲ್ಲಿಗೆ. ನಕ್ಷೆಯಲ್ಲಿ 100 ಮೀಟರಿಗೊಂದು ಎಂದು ಬರೆದಿದ್ದರೂ ಏರುದಾರಿಯಲ್ಲಿ 50 ಮೀಟರಿಗೇ ಗುರುತು ಬೀಳುತ್ತದೆ. ಕೂರುವ ಎತ್ತರ 45–50 ಸೆಂ.ಮೀ., ಬೆನ್ನಿಗೆ ಆಸರೆ, ಎರಡೂ ಬದಿ ಕೈ ಊರಲು ಹಿಡಿ. ಅಡಿಯಲ್ಲಿ ಖಾಲಿ ಜಾಗ ಬಿಡಬೇಕು, ಏಕೆಂದರೆ ಏಳುವಾಗ ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಅಡಿ ಮುಚ್ಚಿದ ಕಲ್ಲುಕಟ್ಟೆ ನೋಡಲು ಚೆಂದ, ಕೂತವರನ್ನು ಎಬ್ಬಿಸಲು ಇಬ್ಬರು ಬೇಕು. ಲೋಹದ ಬೆಂಚು ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತದೆ. ಸಂಜೆ ಹೊರಬರುವವರಿಗೆ ನೆರಳು ಬೇಕಾದರೆ ಮರ ಬೆಂಚಿನ ಪಶ್ಚಿಮಕ್ಕಿರಬೇಕು.

ಸಿಗ್ನಲ್‌ಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕ. ನಿಧಾನ ನಡೆಯುವ ಹಿರಿಯರದು 0.8. ಅಂದರೆ 12 ಮೀಟರ್ ರಸ್ತೆ ದಾಟಲು 10 ಸೆಕೆಂಡು ಕೊಟ್ಟರೆ, 15 ಬೇಕಾದವರು ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ನಿಜವಾದ ತಲೆನೋವು ಮಳೆ-ಬಿಸಿಲಿಗೆಂದು ಮಾಡಿದ್ದೇ ಹಿರಿಯರ ಕಾಲಿಗೆ ತೊಡಕಾದಾಗ. ನೀರು ಇಂಗಲೆಂದು ಹಾಸಿದ ಬಿಲ್ಲೆಗಳ ಸಂದು ಅಗಲವಾದರೆ ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಚರಂಡಿ ಜಾಲರಿಯ ಸೀಳು 13 ಮಿ.ಮೀ. ಮೀರಬಾರದು, ನಡೆಯುವ ದಿಕ್ಕಿಗೆ ಅಡ್ಡಲಾಗಿಯೂ ಇರಬೇಕು. ಮರದ ಬೇರು ಕಲ್ಲನ್ನು 2 ಸೆಂ.ಮೀ. ಎತ್ತಿದರೂ ಎಡವಲು ಸಾಕು. ಅದಕ್ಕೆ ಪಾತಿ ದೊಡ್ಡದಿರಲಿ, ನಡೆಯುವ ಪಟ್ಟಿಯಿಂದ ದೂರವಿರಲಿ. ಮಳೆನೀರಿನ ಇಂಗುತೋಟ, ಅಂದರೆ ನೀರು ಹರಿದು ಬಂದು ಇಂಗಲೆಂದು ತಗ್ಗಾಗಿ ಮಾಡಿದ ಗಿಡಗಳ ಪಾತಿ, 15–20 ಸೆಂ.ಮೀ. ಆಳವಿದ್ದರೆ ಸಾಕು, 48 ಗಂಟೆಯೊಳಗೆ ಬರಿದಾಗಬೇಕು, ಇಲ್ಲವಾದರೆ ಸೊಳ್ಳೆಯ ಸಂತೆ. ಬರಿದಾಗದಿದ್ದರೆ ಮೊದಲು ಹೂಳು ಕಟ್ಟಿದೆಯೇ ನೋಡಿ. ಒಳಹರಿವಿನ ಬಾಯಲ್ಲೇ ಸಣ್ಣ ಹೂಳುಗುಂಡಿ ಮಾಡಿದರೆ ಕೆರೆದು ತೆಗೆಯುವುದು ಸುಲಭ. ಹಳೆಯ ಡಾಂಬರು ಕೆರೆಯದೆ ಪದರದ ಮೇಲೆ ಪದರ ಹಾಕುವುದು ಇನ್ನೂ ಕೆಟ್ಟದ್ದು. ರಸ್ತೆ ಹೊಸ್ತಿಲಿಗಿಂತ ಮೇಲೇರಿ, ನೀರು ನೇರ ನೆಲಮಹಡಿಗೆ ನುಗ್ಗುತ್ತದೆ. ಮೆಟ್ಟಿಲು ಹತ್ತಲಾಗದೆ ಕೆಳಗೆ ಉಳಿದವರು ಹಿರಿಯರೇ.

ಈಗ ಸಭೆ. ಗುರುತುಗಳನ್ನೆಲ್ಲ ದೊಡ್ಡ ನಕ್ಷೆಗೆ ಇಳಿಸಿ, ಒಬ್ಬೊಬ್ಬರಿಗೂ 5 ಬಿಂದಿ ಕೊಟ್ಟು ಮೊದಲು ಆಗಬೇಕಾದ್ದಕ್ಕೆ ಅಂಟಿಸಲು ಹೇಳುತ್ತೇವೆ. ಕಾಂಕ್ರೀಟಿಗೆ ಮುಂಚೆ ಕಾಲುದಾರಿಗೆ ಹತ್ತಿ ಇಳಿಯಲು ಎರಡು ವಾರ ಮರದ ಹಲಗೆಯ ಇಳಿಜಾರು ಇಟ್ಟು ನೋಡುವುದು ಕಡ್ಡಾಯ. 15 ಸೆಂ.ಮೀ. ಎತ್ತರಕ್ಕೆ 1:12ರಂತೆ 1.8 ಮೀಟರ್ ಉದ್ದ ಸಾಕೆನ್ನುತ್ತದೆ ನಿಯಮ. ವಾಕರ್ ಹಿಡಿದವರು ಇಳಿಯುವಾಗ ಹಿಂಜರಿದರೆ 1:20ಕ್ಕೆ, ಅಂದರೆ 3 ಮೀಟರಿಗೆ ಎಳೆಯುತ್ತೇವೆ.