ಬಾಲ್ಕನಿಯ ನೆಲದಲ್ಲಿ 25 ಮನೆ

ನನಗೆ ಬಿಡುವು ಅಂತ ಇರುವುದು ಸಂಜೆ ಏಳೂವರೆಯಿಂದ ಒಂಬತ್ತರವರೆಗೆ. ಆಫೀಸಿನಿಂದ ಬಂದು, ಕುಕ್ಕರ್ ಇಳಿಸಿ, ಸಾರಿಗೆ ಒಗ್ಗರಣೆ ಬಿದ್ದ ಮೇಲೆ, ಯಜಮಾನರು ಊಟಕ್ಕೆ ಬರುವ ತನಕ. ಆ ಹೊತ್ತಿನಲ್ಲಿ ಏನು ಮಾಡಲಿ ಅಂತ ಯಾರನ್ನು ಕೇಳಿದರೂ ಒಂದೇ ಜಾತಿಯ ಸಲಹೆ: ವಾಕಿಂಗ್ ಹೋಗಿ, ಯೋಗ ಮಾಡಿ, ಹೊಸ ಭಾಷೆ ಕಲೀರಿ. ಎಲ್ಲದರಲ್ಲೂ ನಾನು ಇನ್ನಷ್ಟು ಉದ್ಧಾರ ಆಗಬೇಕು. ದಿನವಿಡೀ ಲೆಡ್ಜರ್ ತಾಳೆ ಹಾಕಿ ಬಂದವಳಿಗೆ ಸಂಜೆಯೂ ಉದ್ಧಾರ ಬೇಕಿರಲಿಲ್ಲ. ಸೋತರೆ ಏನೂ ಕಳೆದುಕೊಳ್ಳದ, ಗೆದ್ದರೆ ಮನೆಮಂದಿಯ ಮುಂದೆ ಒಂದಿಷ್ಟು ಬೀಗಬಹುದಾದ ಕೆಲಸ ಬೇಕಿತ್ತು.

ದಾರಿ ತೋರಿಸಿದ್ದು ಅತ್ತೆ. ನಾಗಮಂಗಲದ ಕಡೆಯ ಹಳ್ಳಿಯಿಂದ ಮೈಸೂರಿಗೆ ನಮ್ಮ ಜೊತೆ ಇರಲು ಬಂದ ಮೇಲೆ ಅವರಿಗೆ ಧಾರಾವಾಹಿ ಬಿಟ್ಟರೆ ಬೇರೆ ಗತಿ ಇರಲಿಲ್ಲ, ಅದೂ ಅವರಿಗೆ ಹಿಡಿಸುತ್ತಿರಲಿಲ್ಲ. ಶಿವರಾತ್ರಿ ಜಾಗರಣೆಗೆ ಮಕ್ಕಳನ್ನು ಎಚ್ಚರವಾಗಿ ಇಡಲು ಸೀಮೆಸುಣ್ಣದಲ್ಲಿ ಕವಡೆಯಾಟ ಚೌಕಾಬಾರದ ಮನೆ ಬರೆದು ಕೂರಿಸಿದರು. ಮಕ್ಕಳು ಹನ್ನೆರಡಕ್ಕೆ ಮಲಗಿದರು. ನಾನೂ ಅತ್ತೆಯೂ ಬೆಳಗಿನ ತನಕ ಆಡಿದೆವು.

ಹಬ್ಬಕ್ಕೆ ಆಡುವುದು ಬೇರೆ, ದಿನಾ ಆಡುವುದು ಬೇರೆ. ಬಟ್ಟೆಯ ಮೇಲೆ ಹೊಲಿದ ಚೌಕಾಬಾರ ಚೆನ್ನಾಗಿಯೇ ಇರುತ್ತದೆ, ಆದರೆ ಅದನ್ನು ಬೀರುವಿನಿಂದ ತೆಗೆದು, ಹಾಸಿ, ಕಾಯಿ ಹುಡುಕುವಷ್ಟರಲ್ಲಿ ಮಗ ಮೊಬೈಲ್ ಹಿಡಿದು ಕೂತಿರುತ್ತಾನೆ. ಅದಕ್ಕೇ ಬಾಲ್ಕನಿಯ ಕೆಂಪು ಗಾರೆ ನೆಲದ ಮೇಲೇ ಬರೆದುಬಿಟ್ಟೆ. ಮನೆಗೆ ಆರು ಇಂಚು, ಐದಕ್ಕೆ ಐದು ಮನೆ, ಎರಡೂವರೆ ಅಡಿಯ ಚೌಕ. ಅಂಟುಪಟ್ಟಿ ಎಳೆದು ಅದರ ನಡುವೆ ಬಿಳಿ ಎನಾಮಲ್ ಬಣ್ಣ ಬಳಿದು, ಎರಡು ದಿನ ಯಾರೂ ಕಾಲಿಡದ ಹಾಗೆ ಬಾಗಿಲು ಹಾಕಿದೆ. ನಾಲ್ಕೂ ಬದಿಯ ನಡುಮನೆಗಳಿಗೆ, ಮತ್ತೆ ಒಟ್ಟು ಮಧ್ಯದ ಮನೆಗೆ ಗುಣಾಕಾರದ ಗೆರೆ. ಬದಿಯವು ಕಟ್ಟೆ, ಮಧ್ಯದ್ದು ಹಣ್ಣಾಗುವ ಮನೆ. ಬಾಗಿಲು ತೆಗೆದರೆ ಆಟ ಎದುರಿಗೇ ಇರುತ್ತದೆ. ನಮ್ಮ ಮನೆಯಲ್ಲಿ ಇದು ನಿಂತಿದ್ದರೆ ಮುಕ್ಕಾಲು ಪಾಲು ಈ ಬಣ್ಣದ ದೆಸೆಯಿಂದ.

ಕವಡೆ ದೇವರಾಜ ಮಾರುಕಟ್ಟೆ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕಿತು. ಅತ್ತೆ ಹತ್ತಾರನ್ನು ಗಲ್ಲಾದ ಮೇಲೇ ಉರುಳಿಸಿ ನೋಡಿ, ಒಂದೇ ಮಗ್ಗುಲಿಗೆ ಬೀಳುವುದನ್ನೆಲ್ಲ ಪಕ್ಕಕ್ಕಿಟ್ಟು ನಾಲ್ಕು ಆರಿಸಿದರು. ಅಂಗಡಿಯವರು ಸುಮ್ಮನೆ ನೋಡುತ್ತಿದ್ದರು. ಕವಡೆ ಸಿಗದಿದ್ದರೆ ಹುಣಸೆ ಬೀಜ ಸಾಕು: ಒರಟು ಕಲ್ಲಿನ ಮೇಲೆ ಒಂದು ಬದಿಯನ್ನು ಬೆಳ್ಳಗಾಗುವವರೆಗೆ ತೇಯ್ದರೆ ಆಯಿತು. ಕಾಯಿಗೆ ಒಡೆದ ಬಳೆ ಚೂರು, ಅಂಗಿ ಗುಂಡಿ, ಕಾಫಿ ಬೀಜ, ಏನಾದರೂ ನಡೆಯುತ್ತದೆ, ಒಬ್ಬೊಬ್ಬರಿಗೆ ನಾಲ್ಕು.

ಗೊತ್ತಿಲ್ಲದವರಿಗೆ ಆಟ ಹೇಳಿಬಿಡುತ್ತೇನೆ. ನಾಲ್ಕು ಕವಡೆಯಲ್ಲಿ ಎಷ್ಟು ಬಾಯಿ ಮೇಲಾಗುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಮಗುಚಿದರೆ ಭಾರ, ಅಂದರೆ 8. ಎರಡಕ್ಕೂ ಮತ್ತೊಮ್ಮೆ ಕವಡೆ ಹಾಕಬಹುದು. ನಮ್ಮ ಕಟ್ಟೆಯಿಂದ ಹೊರಟು ಹೊರಗಿನ ಸಾಲನ್ನು ಅಪ್ರದಕ್ಷಿಣೆಯಾಗಿ ಸುತ್ತಿ, ಒಳಸಾಲಿಗೆ ನುಗ್ಗಿ ಪ್ರದಕ್ಷಿಣೆಯಾಗಿ ಬಂದು, ಮಧ್ಯದ ಮನೆ ಸೇರಬೇಕು. ಒಟ್ಟು 24 ಹೆಜ್ಜೆ. ಎದುರಾಳಿಯ ಕಾಯಿ ಇರುವ ಮನೆಗೆ ನಾವು ಹೋದರೆ ಅದನ್ನು ಕಡಿದ ಹಾಗೆ. ಅದು ವಾಪಸ್ ತನ್ನ ಕಟ್ಟೆಗೆ ಹೋಗುತ್ತದೆ, ನಮಗೆ ಇನ್ನೊಂದು ಸಲ ಕವಡೆ. ಕಟ್ಟೆಯ ಮೇಲೆ ಕೂತವರನ್ನು ಮಾತ್ರ ಕಡಿಯುವ ಹಾಗಿಲ್ಲ. ಒಂದಾದರೂ ಕಾಯಿ ಕಡಿಯದವರಿಗೆ ಒಳಸಾಲಿಗೆ ಪ್ರವೇಶ ಇಲ್ಲ, ಹೊರಗೇ ಸುತ್ತುತ್ತಿರಬೇಕು. ಆಟದ ಜೀವ ಈ ಒಂದು ನಿಯಮದಲ್ಲಿದೆ ಅಂತ ನನ್ನ ಅಭಿಪ್ರಾಯ. ಇದಿಲ್ಲದೆ ಆಡಿದರೆ ಎಲ್ಲರೂ ತಮ್ಮ ಪಾಡಿಗೆ ನಡೆದು ಹಣ್ಣಾಗುತ್ತಾರೆ. ಇದಿದ್ದರೆ ಸಾಧು ಸ್ವಭಾವದ ನನ್ನ ಮಗಳೂ ಅಜ್ಜಿಯ ಕಾಯಿಯ ಹಿಂದೆ ಹೊಂಚು ಹಾಕುತ್ತಾಳೆ.

ಬರೀ ಅದೃಷ್ಟದ ಆಟ ಅಂತ ನಾನೂ ಅಂದುಕೊಂಡಿದ್ದೆ. ಏಳನೇ ಕ್ಲಾಸಿನ ಮಗ ಒಂದು ದಿನ ನಾಲ್ಕು ಕವಡೆ ಬೀಳಬಹುದಾದ 16 ಬಗೆಯನ್ನೂ ಪಟ್ಟಿ ಮಾಡಿದ. ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ನಾಲ್ಕು ನಾಲ್ಕು ಬಗೆಯಲ್ಲಿ, ಚೌಕ ಮತ್ತು ಭಾರ ಒಂದೊಂದೇ ಬಗೆಯಲ್ಲಿ. ಕವಡೆಯ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ, ಹಾಗಾಗಿ ಲೆಕ್ಕ ನಾಣ್ಯದಷ್ಟು ಕರಾರುವಾಕ್ಕಲ್ಲ. ಆದರೂ ಬುದ್ಧಿ ಕಲಿಯಲು ಸಾಕು. ಶತ್ರುವಿನ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ನಾಲ್ಕು ಮನೆ ಮುಂದೆ ನಿಂತರೆ ಎಷ್ಟೋ ವಾಸಿ. ಐದು, ಆರು, ಏಳು ಮನೆ ದೂರದಲ್ಲಿದ್ದರೆ ಒಂದೇ ಗರಕ್ಕೆ ನಮ್ಮನ್ನು ಮುಟ್ಟಲು ಆಗುವುದೇ ಇಲ್ಲ, ಮೊದಲು ಚೌಕ ಬಿದ್ದು ಆಮೇಲೆ ಬೇಕಾದ್ದು ಬೀಳಬೇಕು. ಅತ್ತೆಗೆ ಈ ಪಟ್ಟಿ ತೋರಿಸಿದಾಗ, "ಲೇ ಮಗ, ಇದನ್ನ ಬರ್ಕೊಂಡು ಆಡ್ತಾರೇನೋ?" ಅಂದರು. ಅವರು ಎಂದೂ ಎರಡು ಮನೆ ಮುಂದೆ ನಿಂತದ್ದಿಲ್ಲ.

ಅತ್ತೆಯ ಇನ್ನೊಂದು ಚಾಳಿ, ಎಲ್ಲ ಕಾಯಿಗಳನ್ನೂ ಒಟ್ಟಿಗೆ ಹೊರಡಿಸುವುದಿಲ್ಲ. ಒಂದು ಕಾಯಿಯನ್ನು ಕಡೆಯವರೆಗೂ ತಮ್ಮ ಕಟ್ಟೆಯಲ್ಲೇ ಕೂರಿಸಿ, ಎದುರಿಗೆ ಹಾದುಹೋಗುವವರಿಗೆ ಕಾಯುತ್ತಾರೆ. ಯಾರಾದರೂ ಕವಡೆಯನ್ನು ಕೈಯಲ್ಲಿ ಜಾಸ್ತಿ ಹೊತ್ತು ಕುಲುಕಿದರೆ, "ಎಸೀತಿಯೋ, ಇಲ್ಲ ಕೈಯಲ್ಲೇ ಮರಿ ಹಾಕುಸ್ತೀಯೋ?"

ಇದೇ ಆಟ ಮೊಬೈಲಿನಲ್ಲೂ ಇದೆ. ಆಡಿ ನೋಡಿದೆ, ಬಿಟ್ಟೆ. ಅದರಲ್ಲಿ ಕವಡೆ ತಾನಾಗಿ ಬೀಳುತ್ತದೆ, ಕಾಯಿ ತಾನಾಗಿ ನಡೆಯುತ್ತದೆ, ಒಂದು ಮನೆ ಹೆಚ್ಚಿಗೆ ನಡೆಸಿ ಸಿಕ್ಕಿಬೀಳುವ ಅವಕಾಶವೇ ಇಲ್ಲ. ಜಗಳ ಇಲ್ಲದ ಚೌಕಾಬಾರ ಯಾರಿಗೆ ಬೇಕು?

ನಾಲ್ಕು ಜನ ಕೂತರೆ ಒಂದು ಆಟಕ್ಕೆ ಗಂಟೆ ಹಿಡಿಯಬಹುದು. ಅಷ್ಟು ಹೊತ್ತಿಲ್ಲದ ದಿನಕ್ಕೆ ಅಳಗುಳಿಮಣೆ. ನಮ್ಮದು ಮರದ್ದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಡೆಸುವ ಕ್ರೀಡಾ ಕೌಶಲ್ಯ ಪ್ರದರ್ಶನದಲ್ಲಿ ಕೊಂಡದ್ದು. ಹಳೆಯ ಮಣೆ ಆಟಗಳ ಮೇಲೆ ಆಸೆ ಇರುವವರು ಅದನ್ನು ತಪ್ಪಿಸಿಕೊಳ್ಳಬಾರದು, ಪರ್ಸ್ ಮಾತ್ರ ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಿ. ಇಂಥ ಹುಚ್ಚು ಈ ಊರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಳಿಸಿ ನಡೆಸುವ ಬಂಧಗಳನ್ನು ಕಟ್ಟಿದವರು, ಗಂಜೀಫಾ ಅನ್ನುವ ಹಳೆಯ ಇಸ್ಪೀಟಿನ ಎಲೆಗಳಲ್ಲಿ ಹೊಸ ಹೊಸ ಆಟ ಹೂಡಿದವರು. ಅರಸರಿಗೇ ಹೊತ್ತು ಸಿಕ್ಕಿತ್ತು ಅಂದಮೇಲೆ ಗುಮಾಸ್ತೆಗೆ ಸಿಗದೇ?

ಅಳಗುಳಿಮಣೆಯಲ್ಲಿ ಒಬ್ಬೊಬ್ಬರಿಗೆ ಏಳು ಗುಳಿ, ಗುಳಿಗೆ ಐದು ಬೀಜ, ಒಟ್ಟು 70. ನಮ್ಮ ಒಂದು ಗುಳಿಯದನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಖಾಲಿಯಾದ ಮೇಲೆ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಮ್ಮದು, ಎರಡು ಗುಳಿ ಸಾಲಾಗಿ ಖಾಲಿ ಸಿಕ್ಕರೆ ಬರಿಗೈ. ಇಲ್ಲಿ ಕವಡೆ ಇಲ್ಲ, ಅದೃಷ್ಟದ ಮೇಲೆ ಹಾಕಲು ಆಗುವುದಿಲ್ಲ. ಅತ್ತೆ ಬೀಜ ಮುಟ್ಟದೆ, ಬೆರಳ ಗೆಣ್ಣಿನಲ್ಲಿ ಎಣಿಸಿ, ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಹೇಳುತ್ತಾರೆ. ನನಗೆ ಇನ್ನೂ ಎರಡನೇ ಸಲ ಬೀಜ ಎತ್ತುವ ತನಕ ಮಾತ್ರ ಕಾಣುತ್ತದೆ. ದಕ್ಷಿಣ ಕನ್ನಡದ ಸಹೋದ್ಯೋಗಿಯೊಬ್ಬರು ಇದನ್ನು ಚೆನ್ನೆಮಣೆ ಅನ್ನುತ್ತಾರೆ. ಅವರ ಕಡೆ ಆಟಿ ತಿಂಗಳ ಮಳೆಗೆ ಹೊರಗೆ ಕೆಲಸ ಇಲ್ಲದಾಗ ಕೂತು ಆಡುವುದಂತೆ. ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ: ಗುಲಗಂಜಿ ನೋಡಲು ಚೆಂದ, ಆದರೆ ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಪಕ್ಕದ ಮನೆಯ ಎರಡು ವರ್ಷದ ಕೂಸು ನಮ್ಮಲ್ಲೇ ಓಡಾಡುವುದರಿಂದ ಅದನ್ನು ಮನೆಗೇ ತಂದಿಲ್ಲ. ಆ ಕೂಸು ಇದ್ದಾಗ ಹುಣಸೆ ಬೀಜವನ್ನೂ ಎತ್ತಿಡುತ್ತೇವೆ, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ.

ಭಾನುವಾರ ಪಕ್ಕದ ಮನೆಯವರೂ ಬಂದು ಕೂರುತ್ತಾರೆ. ಒಬ್ಬೊಬ್ಬರ ಊರಿಗೆ ಒಂದೊಂದು ಕಾನೂನು. ಒಬ್ಬರು ಸಾಲಾಗಿ ಮೂರು ಸಲ ಚೌಕವೋ ಭಾರವೋ ಬಿದ್ದರೆ ಅಷ್ಟೂ ರದ್ದು ಅನ್ನುತ್ತಾರೆ, ಇನ್ನೊಬ್ಬರು ಒಂದೇ ಮನೆಯಲ್ಲಿ ಎರಡು ಕಾಯಿ ಕೂತರೆ ಗಟ್ಟಿ, ಅದನ್ನು ಒಂಟಿ ಕಾಯಿ ಕಡಿಯುವ ಹಾಗಿಲ್ಲ ಅನ್ನುತ್ತಾರೆ. ಆಟದ ನಡುವೆ ಇದು ಎದ್ದರೆ ಇತ್ಯರ್ಥ ಆಗುವುದಿಲ್ಲ. ಹಾಗಾಗಿ ಕೂರುವ ಮೊದಲೇ ಕೇಳುತ್ತೇನೆ: ಗಟ್ಟಿ ಉಂಟೋ ಇಲ್ಲವೋ, ಮೂರು ಚೌಕ ಸುಡುತ್ತದೋ ಇಲ್ಲವೋ. ಒಪ್ಪಿದ್ದನ್ನು ಮಗಳು ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತಾಳೆ, ಆ ದಿನಕ್ಕೆ ಅದೇ ಕಾನೂನು. ದುಡ್ಡು ಕಟ್ಟಿ ಆಡುವುದಿಲ್ಲ ಅನ್ನುವುದೊಂದು ಮಾತ್ರ ಎಲ್ಲ ದಿನಕ್ಕೂ. ಸೋತವರು ಕಾಫಿ ಮಾಡಬೇಕು.

ಈಗ ಮಗನಿಗೆ ಹುಲಿ-ಕುರಿಯ ಗೀಳು. ಹಂಪಿಗೆ ಹೋದಾಗ ಬಂಡೆಯ ಮೇಲೆ, ಮಂಟಪದ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮಣೆಗಳನ್ನು ನೋಡಿ ಬಂದಾಗಿನಿಂದ ಹಿಡಿದದ್ದು. ಮೂರು ಹುಲಿ, ಹದಿನೈದು ಕುರಿ, ತ್ರಿಕೋನದ ಮೇಲೆ 23 ಬಿಂದು. ಹುಲಿ ಕುರಿಯನ್ನು ಹಾರಿ ಆಚೆಯ ಖಾಲಿ ಬಿಂದುವಿಗೆ ಇಳಿದರೆ ಕುರಿ ಸತ್ತಂತೆ, ಹುಲಿಗಳಿಗೆ ಕದಲಲು ಜಾಗವೇ ಇಲ್ಲದಂತೆ ಸುತ್ತುಗಟ್ಟಿದರೆ ಕುರಿಗಳ ಗೆಲುವು. ಹದಿನೈದೂ ಇಟ್ಟು ಮುಗಿಯುವ ತನಕ ಕುರಿ ಕದಲುವ ಹಾಗಿಲ್ಲ. ಎಲ್ಲರಿಗೂ ಹುಲಿಯೇ ಬೇಕು, ನನಗೆ ಕುರಿ ಇಷ್ಟ. ಮೊದಲ ಕುರಿಗಳನ್ನು ನಾನು ಅಂಚಿಗೇ ಇಡುತ್ತೇನೆ, ಆಚೆಗೆ ಬಿಂದುವೇ ಇಲ್ಲದ ಕಡೆ ಹುಲಿ ಹಾರಿ ಎಲ್ಲಿ ಇಳಿಯುತ್ತದೆ? ಆಮೇಲೆ ಒಂದರ ಬೆನ್ನಿಗೆ ಇನ್ನೊಂದನ್ನು ಒತ್ತಿ ಒಳಕ್ಕೆ ಬರುತ್ತೇನೆ. ಮಗ ಈಚೆಗೆ ಇದನ್ನು ಕಂಡುಹಿಡಿದು, ಆಟ ಶುರುವಾದ ಕೂಡಲೇ ಹುಲಿಯನ್ನು ಅಂಚಿಗೇ ತಂದು ಕೂರಿಸುತ್ತಿದ್ದಾನೆ. ಅದಕ್ಕೇನು ಮಾಡುವುದು ಅಂತ ಅತ್ತೆಯನ್ನು ಕೇಳಿದ್ದೇನೆ, ಅವರು ಇನ್ನೂ ಬಾಯಿ ಬಿಟ್ಟಿಲ್ಲ.