ಪಿಸ್ತಾ ಸಿಪ್ಪೆ ಬಿಡಿಸಲು, ಹಸಿರು ಉಳಿಸಲು

ಪಾಯಸ, ಬರ್ಫಿ ಮೇಲೆ ಪಿಸ್ತಾ ಹಚ್ಚ ಹಸಿರಾಗಿ ಕಾಣಬೇಕಾದರೆ, ಚಿಪ್ಪು ತೆಗೆದ ಪಿಸ್ತಾವನ್ನು ಕುದಿಯುವ ನೀರಿಗೆ ಹಾಕಿ, ಒಂದು ನಿಮಿಷಕ್ಕೇ ಬಸಿದು ತಣ್ಣೀರಿಗೆ ಬಿಡಿ. ಆಮೇಲೆ ಒಣ ಬಟ್ಟೆಯಲ್ಲಿ ಸುತ್ತಿ ಉಜ್ಜಿದರೆ ನೇರಳೆ ಸಿಪ್ಪೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಒಳಗಿನ ಹಸಿರು ಬಣ್ಣ ಬಂದದ್ದು ಕ್ಲೋರೋಫಿಲ್‌ನಿಂದ, ಎಲೆಗಳನ್ನು ಹಸಿರಾಗಿಸುವುದೂ ಅದೇ. ಜಾಸ್ತಿ ಹೊತ್ತು ಕುದಿಸಿದರೆ ಮಂಕಾಗುತ್ತದೆ, ಅದಕ್ಕೇ ತಣ್ಣೀರು. ಹುರಿದ, ಉಪ್ಪು ಹಾಕಿದ ಪಿಸ್ತಾಗೆ ಇದು ನಡೆಯುವುದಿಲ್ಲ. ಹುರಿಯುವಾಗಲೇ ಬಣ್ಣ ಹಳದಿಗೆ ತಿರುಗಿರುತ್ತದೆ, ಸಿಹಿಗೆ ಆ ಉಪ್ಪು ಹೊಂದುವುದೂ ಇಲ್ಲ. ಹಸಿ ಪಿಸ್ತಾವನ್ನೇ ಕೊಳ್ಳಿ. ಇರಾನಿನಲ್ಲಿ ಪೂರ್ತಿ ಮಾಗುವ ಮುಂಚೆಯೇ ಕೊಯ್ದ ಪಿಸ್ತಾ ಇನ್ನೂ ಗಾಢ ಹಸಿರು, ಸಿಕ್ಕರೆ ಬಿಡಬೇಡಿ. ಸುಮ್ನೆ ಬಾಯಾಡಿಸಲು ತಿನ್ನುವುದಾದರೆ ಮಾತ್ರ ಸಿಪ್ಪೆ ತೆಗೆಯಬೇಡಿ. ನಾರು, ಆಂಟಿಆಕ್ಸಿಡೆಂಟ್‌ಗಳು ಅದರಲ್ಲೂ ಚೆನ್ನಾಗಿವೆ.